ಗಾಜು ಏರಿಸಿದ ಕೈ

ಹೊಲಿಗೆ ಹಾಕಿದ ಮೂರನೇ ದಿನ ಲತಾ ತನ್ನ ಬಲಗೈ ಬ್ಯಾಂಡೇಜನ್ನು ಹಲ್ಲಿನಿಂದ ಕಿತ್ತಳು.

ನಾನು ಕ್ಯಾಂಟೀನಿನಿಂದ ಇಡ್ಲಿ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಆಗಿಹೋಗಿತ್ತು. ಹಾಸಿಗೆಯೆಲ್ಲ ರಕ್ತ. ಅವಳ ಗಲ್ಲದ ಮೇಲೂ ರಕ್ತ. ಸಿಸ್ಟರ್ ಒಬ್ಬರು ಅವಳ ಮೈಮೇಲೆ ಬಿದ್ದು ಕೈ ಅಮುಕಿ ಹಿಡಿದಿದ್ದರು. ಲತಾ ಕೂಗುತ್ತಿರಲಿಲ್ಲ, ಅಳುತ್ತಿರಲಿಲ್ಲ. ಅಡುಗೆಮನೆಗೆ ಬಂದ ಹಾವನ್ನು ನೋಡುವ ಹಾಗೆ ತನ್ನ ಕೈಯನ್ನೇ ನೋಡುತ್ತಿದ್ದಳು.

ಸರ್ಜನ್ ನನ್ನನ್ನು ಕಾರಿಡಾರಿಗೆ ಕರೆದರು. "ಮಣಿಕಟ್ಟಿನ ಟೆಂಡನ್, ಬೆರಳು ಆಡಿಸೋ ಹುರಿ, ಮತ್ತೆ ಹರಿದಿದೆ. ಇವತ್ತೇ ಇನ್ನೊಂದು ಆಪರೇಷನ್ ಮಾಡ್ತೀವಿ. ಮತ್ತೆ ಹೀಗೆ ಮಾಡ್ಕೊಂಡ್ರೆ ಆ ಕೈ ಯಾವ ಕೆಲಸಕ್ಕೂ ಬರಲ್ಲ. ಇನ್ಫೆಕ್ಷನ್ ಆದ್ರೆ ಜೀವಕ್ಕೇ ಅಪಾಯ. ನೀವು ಅವರಿಗೆ ಏನಾಗಬೇಕು?"

"ಗಂಡನ ಅಕ್ಕ ಸಾ."

"ಒಂದು ಕ್ಷಣವೂ ಬಿಟ್ಟು ಹೋಗಬೇಡಿ."

ಆ ಮಾತನ್ನು ಅವರು ನನಗೆ ಹೇಳಿದರು. ನನಗೆ.

ನನ್ನ ಹೆಸರು ಪದ್ಮ. ಹೊಳೆನರಸೀಪುರದ ಹತ್ತಿರ ಒಂದು ಊರಿನಲ್ಲಿ ಹದಿನೆಂಟು ವರ್ಷದಿಂದ ಅಂಗನವಾಡಿ ಟೀಚರ್. ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನನಗೆ ಮಾತೂ ಗೊತ್ತು, ಜಗಳವೂ ಗೊತ್ತು. ಮಗುವಿಗೆ ಮೊಟ್ಟೆ ತಿನ್ನಿಸದ ತಾಯಿಯನ್ನು ಬೀದಿಯಲ್ಲಿ ನಿಲ್ಲಿಸಿ ಬೈದಿದ್ದೇನೆ. ನಾನು ಹೇಳಿದ ಮೇಲೆ ಮುಗಿಯಿತು ಅನ್ನುವುದು ನಮ್ಮ ಮನೆಯಲ್ಲೂ ನಡೆದುಬಂದದ್ದು. ಲತಾ ನನ್ನ ತಮ್ಮ ಮಂಜುವಿನ ಹೆಂಡತಿ. ಮದುವೆಯಾಗಿ ಐದು ವರ್ಷ, ಒಂದು ದಿನವೂ ನನಗೆ ಎದುರು ಮಾತಾಡಿದವಳಲ್ಲ. ಆಡಿದ್ದಿದ್ದರೆ ಅವಳ ಕೂಸು ಚಿನ್ನು ಬದುಕಿರುತ್ತಿತ್ತು.

ಆಗ ಏಪ್ರಿಲ್. ಕೊಣನೂರಿನಲ್ಲಿ ನಮ್ಮ ಸೋದರಮಾವ ತೀರಿಕೊಂಡಿದ್ದರು. ಮಂಜುಗೆ ಚನ್ನರಾಯಪಟ್ಟಣದಲ್ಲಿ ಹಾರ್ಡ್‌ವೇರ್ ಅಂಗಡಿ. ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ, ಲತಾಳನ್ನೂ ಎರಡೂವರೆ ವರ್ಷದ ಮಗಳು ಚಿನ್ನುವನ್ನೂ ತನ್ನ ಹಳೇ ಕಾರಿನಲ್ಲಿ ಕೂರಿಸಿಕೊಂಡು ಬಂದು ಹೊಳೆನರಸೀಪುರದಲ್ಲಿ ನನ್ನನ್ನು ಹತ್ತಿಸಿಕೊಂಡ. ಅರಕಲಗೂಡು ದಾಟುವ ಹೊತ್ತಿಗೆ ಚಿನ್ನು ನನ್ನ ತೊಡೆ ಮೇಲೆ ನಿದ್ದೆ ಹೋಗಿತ್ತು. ಜೊಲ್ಲು ಸುರಿದು ನನ್ನ ಸೀರೆ ಒದ್ದೆಯಾಗಿತ್ತು. ಆ ಸೀರೆಯನ್ನು ನಾನಿನ್ನೂ ಒಗೆದಿಲ್ಲ.

ನಮ್ಮ ಕಡೆ ಎಳೆಮಕ್ಕಳನ್ನು ಸಾವಿನ ಮನೆಯೊಳಕ್ಕೆ ಕರೆದುಕೊಂಡು ಹೋಗುವುದಿಲ್ಲ. ಹೆಣದ ಗಾಳಿ ಸೋಕಿದರೆ ಮಗು ಸೊರಗುತ್ತದೆ ಅನ್ನುತ್ತಾರೆ. ಮಗು ಸೊರಗುವುದು ಹೊಟ್ಟೆಗೆ ಸರಿಯಾಗಿ ಬೀಳದೆ ಅಂತ ತಾಯಂದಿರಿಗೆ ಪಾಠ ಮಾಡುವವಳು ನಾನು. ಪ್ರತಿ ತಿಂಗಳು ಮಕ್ಕಳ ತೂಕ ಹಾಕಿ ಚಾರ್ಟು ಬರೆಯುವವಳು. ಆದರೂ ಅದನ್ನು ನಂಬಿದ್ದೆ. ನಮ್ಮಮ್ಮ ನಂಬಿದ್ದರು, ನಾನೂ ನಂಬಿದ್ದೆ.

ಸಾವಿನ ಮನೆಯ ಬೀದಿಯಲ್ಲೇ ಒಂದು ಹೊಂಗೆ ಮರದ ನೆರಳಿಗೆ ಮಂಜು ಕಾರು ನಿಲ್ಲಿಸಿದ. ಚಿನ್ನುವನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು.

"ಅಕ್ಕ, ನೀವಿಬ್ರೂ ಓಗ್ಬನ್ನಿ. ನಾನು ಕೂಸಿನ್ ಜೊತೆ ಇಲ್ಲೇ ಇರ್ತೀನಿ," ಅಂದಳು ಲತಾ.

"ಚೆನ್ನಾಗಿ ಹೇಳ್ದೆ. ಮನೆ ಸೊಸೆ ಮುಖನೂ ನೋಡ್ದೆ ಕಾರಲ್ಲಿ ಕುಂತವ್ಳೆ ಅಂತ ಜನ ಆಡ್ಕಳ್ಲಾ? ಐದ್ನಿಮಿಷ ಕಣವ್ವ. ಮುಖ ನೋಡ್ಬುಟ್ಟು ಬಂದ್ಬುಡು. ಕೂಸು ಮನಗೈತೆ, ಮನಗಿರ್ಲಿ."

ಅವಳು ಹಿಂದಿನ ಗಾಜನ್ನು ನಾಲ್ಕು ಬೆರಳಷ್ಟು ಬಿಟ್ಟಿದ್ದಳು. ಹ್ಯಾಂಡಲ್ ತಿರುಗಿಸಿ ಏರಿಸುವ ಗಾಜು ಅದು.

"ಪೂರ್ತಿ ಏರ್ಸು. ಹೆಣ ಇದೇ ದಾರೀಲಿ ಬರೋದು."

"ಸೆಕೆ ಅಲ್ವಾ ಅಕ್ಕ. ಒಂಚೂರು ಇರ್ಲಿ."

"ಏರ್ಸು ಅಂದೆ."

ಅವಳು ಬಲಗೈಯಲ್ಲಿ ಹ್ಯಾಂಡಲ್ ತಿರುಗಿಸಿದಳು. ಅಷ್ಟು ಹೊತ್ತು ದೂರದಲ್ಲಿ ನೆಂಟರ ಜೊತೆ ಮಾತಾಡುತ್ತಿದ್ದ ಮಂಜು ಬಂದು ಬಾಗಿಲಿಗೆ ಬೀಗ ಹಾಕಿ ಕೀಯನ್ನು ಜೇಬಿಗೆ ಹಾಕಿಕೊಂಡ.

ಒಳಗೆ ಹೋದರೆ ಹೆಂಗಸರು ಒಬ್ಬೊಬ್ಬರಾಗಿ ತಬ್ಬಿಕೊಂಡು ಅತ್ತರು. ಮುಖ ನೋಡಿ ಹೊರಡಬೇಕಿದ್ದವರನ್ನು ಅವರೇ ಎಳೆದು ಕೂರಿಸಿದರು, ಕೂತೆವು. ಹೆಣದ ಮುಂದೆ ಅತ್ತು ಕೂತ ಹೆಂಗಸು ಹೆಣ ಎತ್ತುವ ಮೊದಲು ಏಳಬಾರದು, ಎದ್ದರೆ ಅವಳ ಬೆನ್ನಿಗೇ ಇನ್ನೊಂದು ಹೆಣ ಏಳುತ್ತದೆ ಅಂತ ನಮ್ಮ ಮನೆತನದಲ್ಲೊಂದು ಮಾತಿದೆ. ಅದು ಲತಾಗೆ ಗೊತ್ತಿರಲಿಲ್ಲ. ಹತ್ತು ನಿಮಿಷಕ್ಕೆ ಎದ್ದಳು. ನಾನು ಸೆರಗು ಹಿಡಿದು ಕೂರಿಸಿದೆ. ಮಾವನ ದೊಡ್ಡ ಮಗ ಬರುವುದು ತಡವಾಯಿತು. ಅವಳು ಇನ್ನೊಂದು ಸಲ ಎದ್ದಳು. ಈ ಸಲ ನಾನು ಸೆರಗು ಬಿಡಲೇ ಇಲ್ಲ, ಮಣಿಕಟ್ಟು ಹಿಡಿದೆ. "ಮಂಜ ಆಚೆನೇ ಅವ್ನೆ, ನೋಡ್ಕತಾನೆ ಕೂತ್ಕೊ," ಅಂತ ಕಿವಿಯಲ್ಲಿ ಗದರಿದೆ.

ಮಂಜು ಆಚೆ ಇದ್ದದ್ದು ನಿಜ. ಆದರೆ ಅವನನ್ನು ಚಟ್ಟ ಕಟ್ಟಲು ಎಳೆದುಕೊಂಡಿದ್ದರು. ಆಮೇಲೆ ಹೆಗಲು ಕೊಡು ಅಂದರು, ಕೊಟ್ಟ. ಲತಾ ಇಷ್ಟೊತ್ತಿಗೆ ಕೂಸಿನ ಹತ್ತಿರ ಹೋಗಿರುತ್ತಾಳೆ ಅಂದುಕೊಂಡನಂತೆ. ಕೀ ತನ್ನ ಜೇಬಿನಲ್ಲೇ ಇದೆ ಅನ್ನುವುದು ಆ ತಮಟೆ ಸದ್ದಿನಲ್ಲಿ ಅವನ ತಲೆಗೆ ಬರಲಿಲ್ಲ. ಹೆಣದ ಜೊತೆ ಹೊರಟ ನೂರಾರು ಜನ ಆ ಕಾರಿನ ಪಕ್ಕದಲ್ಲೇ ನಡೆದುಹೋದರು. ಗಾಜಿಗೆ ಕಪ್ಪು ಫಿಲ್ಮ್ ಇತ್ತು. ಯಾರೂ ಬಗ್ಗಿ ನೋಡಲಿಲ್ಲ.

ಕಾರಿಗೆ ಬೀಗ ಹಾಕಿ ಒಂದೂಕಾಲು ಗಂಟೆ ಆಗಿತ್ತು. ನೆರಳು ಸರಿದು ಕಾರು ಬಿಸಿಲಿಗೆ ಬಂದಿತ್ತು.

ಹೆಣ ಬೀದಿ ದಾಟಿದ ಮೇಲೆ ನಾನು ಕೈ ಬಿಟ್ಟೆ, ಲತಾ ಓಡಿದಳು. ಬಾಗಿಲು ಜಗ್ಗಿದಳು. ಗಾಜಿಗೆ ಮುಷ್ಟಿಯಲ್ಲಿ ಗುದ್ದಿದಳು. ಚರಂಡಿ ಪಕ್ಕದ ಗುಂಡುಕಲ್ಲು ತಂದು ಎತ್ತಿ ಹಾಕಿದಳು. ಗಾಜು ತೂತು ಬಿತ್ತು, ಫಿಲ್ಮ್ ಹಿಡಿದುಕೊಂಡಿದ್ದರಿಂದ ಚೂರು ಉದುರಲಿಲ್ಲ. ಆ ತೂತಿಗೇ ಕೈ ತುರುಕಿ, ಒಳಗಿನಿಂದ ಲಾಕ್ ತೆಗೆದು, ಕೈಯನ್ನು ಸರಕ್ಕನೆ ಎಳೆದುಕೊಂಡಳು. ಮಣಿಕಟ್ಟು ಸೀಳಿತು. ಅವಳಿಗೆ ಗೊತ್ತೇ ಆಗಲಿಲ್ಲ.

ಚಿನ್ನು ಸೀಟಿನಿಂದ ಕೆಳಗಿಳಿದಿತ್ತು. ಹ್ಯಾಂಡಲ್ ಹತ್ತಿರ ಬಿದ್ದಿತ್ತು.

ಅರಕಲಗೂಡಿನ ಆಸ್ಪತ್ರೆಯಲ್ಲಿ ಡಾಕ್ಟರು ಸ್ಟೆತಾಸ್ಕೋಪ್ ಇಟ್ಟರು. ತೆಗೆದು ಇನ್ನೊಂದು ಸಲ ಇಟ್ಟರು. ಆಮೇಲೆ ನಮ್ಮ ಮುಖ ನೋಡಲಿಲ್ಲ.

ಬಿದ್ದವರಿಗೆ ಆಳಿಗೊಂದು ಕಲ್ಲು. ಆಸ್ಪತ್ರೆ ಬಾಗಿಲಲ್ಲಿ ಜನ ಸೇರಿದ್ದರು. ಮಸಣದಿಂದ ಯಾರದೋ ಬೈಕಿನಲ್ಲಿ ಧಾವಿಸಿಬಂದ ಮಂಜುವನ್ನು ಯಾರೋ ಕಾಲರ್ ಹಿಡಿದು ಕೆಳಕ್ಕೆ ಕೆಡವಿದರು. ಒದ್ದರು. ಯಾಕೆ ಒದೆಯುತ್ತಿದ್ದೇವೆ ಅಂತ ಹಿಂದೆ ಇದ್ದವರಿಗೆ ಗೊತ್ತಿರಲಿಲ್ಲ, ಅವರೂ ಒದ್ದರು. ಅವನು ಕೈ ಅಡ್ಡ ಹಿಡಿಯಲಿಲ್ಲ. ಒಬ್ಬ ಹೆಂಗಸು ಲತಾಳ ಕೂದಲು ಹಿಡಿದು ಜಗ್ಗಿ, "ನೀನೂ ಒಬ್ಳು ತಾಯಿನಾ?" ಅಂತ ಕೆನ್ನೆಗೆ ಹೊಡೆದಳು. ಪೊಲೀಸರು ಬಂದು ಬಿಡಿಸಿ, ಕೈ ಹೊಲಿಸಲು ಲತಾಳನ್ನು ಹಾಸನದ ಆಸ್ಪತ್ರೆಗೆ ಕಳಿಸಿದರು. ಅಷ್ಟರಲ್ಲಿ ಹತ್ತು ಮೊಬೈಲಿನಲ್ಲಿ ವಿಡಿಯೋ ಆಗಿತ್ತು.

ಅವತ್ತು ಸಂಜೆ ಠಾಣೆಯಲ್ಲಿ ಹೇಳಿಕೆ ಬರೆಸಿಕೊಂಡರು. ಗಾಜು ಏರಿಸಿದ್ದು ಯಾರು ಅಂತ ಕೇಳಿದರು.

"ಗೊತ್ತಿಲ್ಲ ಸಾ. ನಾನು ಮುಂಚೆನೇ ಒಳಿಕ್ಕೆ ಓದೆ."

ಅಷ್ಟೇ ಹೇಳಿದೆ. ಹೇಳಿ ಸೈನು ಹಾಕಿದೆ. ಮಕ್ಕಳ ಪಾಲನೆ ಬಗ್ಗೆ ಊರಿಗೆಲ್ಲ ಬುದ್ಧಿ ಹೇಳುವ ಟೀಚರ್ ನಾನು, ನನ್ನ ಬಾಯಿಂದ ಬಂದ ಮಾತಿಗೆ ಕೂಸು ಬೆಂದುಹೋಯಿತು ಅಂತ ಹೇಗೆ ಬರೆಸಲಿ? ಕೆಲಸ ಹೋಗುತ್ತದೆ ಅನ್ನುವ ಹೆದರಿಕೆಯೂ ಇತ್ತು. ಆದರೆ ನಿಜ ಹೇಳಬೇಕಂದರೆ ಕೆಲಸಕ್ಕಿಂತ ನನ್ನ ಮುಖ ನನಗೆ ಮುಖ್ಯವಾಗಿತ್ತು. ನಾನು ಅಂಥ ನೀಚಳು.

ಎತ್ತು ಈದೈತೆ ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನುವ ಜನ. ಸಾವಿನ ಮನೆಯಲ್ಲಿ ಹೆಂಗಸರ ನಡುವೆ ಲತಾ ಕೂತಿದ್ದ ಒಂದು ವಿಡಿಯೋ ಯಾರ ಹತ್ತಿರವೋ ಇತ್ತು. ಕಾರಿನಲ್ಲಿ ಮಗು ಸಾಯುತ್ತಿದ್ದರೆ ತಾಯಿ ಹರಟೆ ಹೊಡೆಯುತ್ತಿದ್ದಾಳೆ ಅಂತ ಬರೆದು ಹಾಕಿದರು. ಆ ವಿಡಿಯೋದಲ್ಲಿ ಅವಳ ಮಣಿಕಟ್ಟು ಹಿಡಿದಿರುವ ಒಂದು ಕೈ ಕಾಣುತ್ತದೆ. ಹಸಿರು ಬಳೆ. ಅದು ನನ್ನ ಕೈ. ಯಾರೂ ಅದನ್ನು ಗಮನಿಸಲಿಲ್ಲ. ಇವಳನ್ನೂ ಅದೇ ಕಾರಿನಲ್ಲಿ ಕೂಡಿಹಾಕಿ ಬಿಸಿಲಿಗೆ ಬಿಡಬೇಕು, ಇವಳಿಗೆ ಮಕ್ಕಳಾಗದಂತೆ ಮಾಡಬೇಕು. ಇಂಥ ಕಾಮೆಂಟುಗಳು ಸಾವಿರಾರು. ಬರೆದವರಲ್ಲಿ ನಮ್ಮ ಅಂಗನವಾಡಿಗೆ ಬರುವ ಮಕ್ಕಳ ತಾಯಂದಿರೂ ಇದ್ದರು. ನಾನು ಒಂದೊಂದನ್ನೂ ಓದಿದೆ. ಬಾತ್‌ರೂಮಿಗೆ ಹೋಗಿ ಓದುತ್ತಿದ್ದೆ.

ಎರಡನೇ ಆಪರೇಷನ್ ಆದ ಮೇಲೆ ಲತಾಳ ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿದರು. ಬಲಗೈಗೆ ಮೊಣಕೈವರೆಗೂ ಅಲುಗದ ಹಾಗೆ ಸ್ಪ್ಲಿಂಟ್. ಮೂಗಿನಲ್ಲಿ ಟ್ಯೂಬ್ ಹಾಕಿ ಗಂಜಿ ಬಿಡುತ್ತಿದ್ದರು. ಕಟ್ಟು ಬಿಚ್ಚಿದ ಕೂಡಲೇ ಬಲಗೈಯನ್ನು ಮಂಚದ ಕಬ್ಬಿಣಕ್ಕೆ ಬಡಿಯುತ್ತಿದ್ದಳು. ಎಂಟು ದಿನ ಅವಳ ಬಾಯಿಂದ ಒಂದು ಮಾತಿಲ್ಲ. ನಾನು ಮೈ ಒರೆಸಿದೆ, ಬೆಡ್‌ಪ್ಯಾನ್ ಇಟ್ಟೆ, ತಲೆ ಬಾಚಿದೆ. ನೋಡಿದವರು ಎಂಥ ಅತ್ತಿಗೆ ಅಂತ ಹೊಗಳಿದರು. ಆ ಹೊಗಳಿಕೆಯನ್ನೂ ಹೊಟ್ಟೆಗೆ ಹಾಕಿಕೊಂಡೆ.

ಒಂಬತ್ತನೇ ದಿನ ಪಕ್ಕದ ವಾರ್ಡಿನ ರೋಗಿಯನ್ನು ನೋಡಲು ಬಂದಿದ್ದ ಒಬ್ಬಳು ಒಳಗೆ ಇಣುಕಿ, "ಇವ್ಳೇನಾ ಆ ಕಾರಿನವ್ಳು?" ಅಂತ ಮೊಬೈಲು ಎತ್ತಿ ಹಿಡಿದಳು. ನನ್ನ ಕೈಯಲ್ಲಿ ಸ್ಟೀಲಿನ ಫ್ಲಾಸ್ಕ್ ಇತ್ತು. ಬೀಸಿದೆ. ಮೊಬೈಲು ಗೋಡೆಗೆ ಬಡಿದು ಒಡೆಯಿತು, ಅವಳ ಬೆರಳಿನಿಂದ ರಕ್ತ ಬಂತು. ಇನ್ನೊಂದು ಏಟು ಹಾಕಲು ಹೋದಾಗ ಸೆಕ್ಯುರಿಟಿಯವರು ಹಿಡಿದುಕೊಂಡರು. ಅವಳನ್ನು ಕೊಂದುಹಾಕುವಷ್ಟು ಸಿಟ್ಟಿತ್ತು. ಆ ಸಿಟ್ಟು ಅವಳ ಮೇಲಿನದಲ್ಲ ಅಂತ ಆಗಲೇ ಗೊತ್ತಿತ್ತು.

ಆ ಮಧ್ಯಾಹ್ನ ಸೈಕಿಯಾಟ್ರಿಸ್ಟ್ ಮೇಡಂ ಬಂದರು. ವಯಸ್ಸಾದವರು, ಮೆತ್ತಗೆ ಮಾತಾಡುವವರು. ಮಂಜುವೂ ಇದ್ದ, ಪಕ್ಕೆಲುಬಿಗೆ ಪಟ್ಟಿ ಸುತ್ತಿಕೊಂಡು ಬಾಗಿಲ ಹತ್ತಿರ ನಿಂತಿದ್ದ. ಮೇಡಂ ಸ್ಟೂಲ್ ಎಳೆದುಕೊಂಡು ಕೂತು ಅವಳ ಎರಡೂ ಕೈಗಳನ್ನು ನೋಡಿದರು. ಆಮೇಲೆ ಕೇಳಿದರು. "ಲತಾ, ಎಡಗೈಗೆ ಏನೂ ಮಾಡ್ಕೊಳ್ಳಲ್ಲ ನೀವು. ಬಲಗೈ ಮೇಲೆ ಯಾಕಮ್ಮ ಅಷ್ಟು ಕೋಪ?"

ಲತಾ ಬಾಯಿ ತೆರೆದಳು. ತುಟಿ ಒಡೆದಿತ್ತು.

"ಇದೇ ಕಣಮ್ಮ ಗಾಜು ಏರ್ಸಿದ್ದು."

"ಯಾಕೆ ಏರಿಸಿದ್ರಿ?"

ಈಗ ಹೇಳುತ್ತಾಳೆ ಅಂದುಕೊಂಡೆ. ಹೇಳಲಿ ಅಂತಲೂ ಅನ್ನಿಸಿತು.

"ಗೊತ್ತಿಲ್ಲ. ನಾನು ಕೆಟ್ಟ ತಾಯಿ. ಎಲ್ರೂ ಅದೇ ಹೇಳ್ತಾರಲ್ಲ."

ಅವಳು ನನ್ನನ್ನು ಬಚ್ಚಿಡುತ್ತಿರಲಿಲ್ಲ. ನನ್ನ ಮಾತು ಅವಳ ನೆನಪಿನಲ್ಲೇ ಇರಲಿಲ್ಲ. ಅಷ್ಟು ಜನ ಸೇರಿ ಅದನ್ನು ಅವಳ ತಲೆಯಿಂದ ಹೊಡೆದು ಹಾಕಿದ್ದರು. ಅವರ ಜೊತೆ ಸುಮ್ಮನಿದ್ದು ನಾನೂ ಹೊಡೆದಿದ್ದೆ. ಇನ್ನೊಂದು ಸಲ ಆ ಕೈ ಕಿತ್ತುಕೊಂಡರೆ ಜೀವಕ್ಕೇ ಅಪಾಯ ಅಂತ ಸರ್ಜನ್ ಹೇಳಿದ್ದು ನೆನಪಾಯಿತು.

"ನಾನು," ಅಂದೆ.

ಮೇಡಂ ತಿರುಗಿದರು.

"ಏರ್ಸು ಅಂದೋಳು ನಾನು ಮೇಡಂ. ಅವ್ಳು ನಾಕು ಬೆಳ್ಳು ಬಿಟ್ಟಿದ್ಲು. ಸೆಕೆ ಅಂದ್ಲು. ನಾನು ಬುಡ್ಲಿಲ್ಲ. ಕಾರಲ್ಲೇ ಇರ್ತೀನಿ ಅಂದ್ಲು, ಅದ್ಕೂ ಬುಡ್ಲಿಲ್ಲ. ಎರಡ್ಸಲ ಎದ್ಲು. ಸೆರಗಿಡ್ದು, ಕೈ ಇಡ್ದು ಕೂರ್ಸಿದ್ದು ನಾನು. ಲತಾ, ಆ ಕೈ ನಿಂದಲ್ಲ ಕಣವ್ವ. ನಂದು."

ಮಂಜು ಗೋಡೆಗೆ ಗುದ್ದಿದ. "ಇಷ್ಟು ದಿನ ಇವ್ಳನ್ನ ಸುಟ್ಯಲ್ಲಕ್ಕ," ಅಂದು ಆಚೆ ಹೋದ.

ಲತಾ ನನ್ನನ್ನೇ ನೋಡಿದಳು. "ಎಡಗೈ ಬಿಚ್ಚಿ," ಅಂದಳು. ಮೇಡಂ ಒಂದು ಗಳಿಗೆ ಯೋಚಿಸಿ ತಾವೇ ಬಿಚ್ಚಿದರು. ನಾನು ಹತ್ತಿರ ಹೋಗಿ ಬಗ್ಗಿದೆ. ಹೊಡೆದಳು. ಕೆನ್ನೆಗೆ, ಕಿವಿಗೆ, ಕುತ್ತಿಗೆಗೆ. ಎಷ್ಟು ಸಲ ಅಂತ ಗೊತ್ತಿಲ್ಲ. ಓಲೆ ಕಿತ್ತುಬಂದು ಕಿವಿ ಹರಿಯಿತು. ಸಿಸ್ಟರ್ ಬಿಡಿಸಲು ಬಂದಾಗ ಮೇಡಂ ಬೇಡ ಅಂತ ತಲೆ ಆಡಿಸಿದರು. ಕೈ ಸೋತ ಮೇಲೆ ನನ್ನ ಕೂದಲು ಹಿಡಿದುಕೊಂಡೇ ಅತ್ತಳು. ಚಿನ್ನು ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು.

ಮಾರನೇ ದಿನ ಸಿಸ್ಟರ್ ಸ್ಪ್ಲಿಂಟ್ ಬಿಚ್ಚಿ ಡ್ರೆಸ್ಸಿಂಗ್ ಮಾಡುವಾಗ ಲತಾ ಬಲಗೈಯನ್ನು ತಾನೇ ಮುಂದೆ ಚಾಚಿದಳು.

ನಾನು ಠಾಣೆಗೆ ಹೋಗಿ ಹೇಳಿಕೆ ಬದಲಿಸಿದೆ. ಸುಳ್ಳು ಹೇಳಿದ್ದಕ್ಕೆ ಬೈದರು, ಬರೆದುಕೊಂಡರು. ಕೇಸಿಗೆ ನನ್ನ ಹೆಸರೂ ಸೇರಿದೆ. ಇಲಾಖೆಯಿಂದ ನೋಟಿಸ್ ಬಂದಿದೆ, ಅಂಗನವಾಡಿಯ ಬೀಗದ ಕೈ ಕೊಟ್ಟುಬಿಟ್ಟೆ. ಈಗ ವಿಡಿಯೋಗಳಲ್ಲಿ ನನ್ನ ಮುಖವೇ ಬರುತ್ತದೆ. ಮನೆ ಬಾಗಿಲಿಗೆ ಯಾರೋ ಸಗಣಿ ಎರಚಿ ಹೋಗಿದ್ದರು, ತೊಳೆದೆ. ಲತಾಳನ್ನು ಬೈದವರು ಒಬ್ಬರೂ ಬಂದು ತಪ್ಪಾಯಿತು ಅನ್ನಲಿಲ್ಲ. ಅವರಿಗೆ ಬಯ್ಯಲು ಇನ್ನೊಬ್ಬಳು ಸಿಕ್ಕಳು, ಅಷ್ಟೇ. ಮಂಜು ನನ್ನ ಜೊತೆ ಮಾತಾಡುವುದಿಲ್ಲ. ಮಾತಾಡಿಸು ಅಂತ ನಾನು ಯಾರನ್ನೂ ಕೇಳಿಲ್ಲ.

ಈಗ ವಾರಕ್ಕೆ ಎರಡು ದಿನ ಲತಾಗೆ ಹಾಸನದಲ್ಲಿ ಫಿಸಿಯೋಥೆರಪಿ. ಅವಳು ಚನ್ನರಾಯಪಟ್ಟಣದಿಂದ ಬರುತ್ತಾಳೆ, ನಾನು ಹೊಳೆನರಸೀಪುರದಿಂದ. ಬಾ ಅಂತ ಅವಳು ಹೇಳಿಲ್ಲ, ಬರಬೇಡ ಅಂತಲೂ ಹೇಳಿಲ್ಲ. ಮೊದಲ ದಿನ ಅಲ್ಲಿನವರು ಅಮುಕಲು ಒಂದು ಸ್ಪಂಜಿನ ಚೆಂಡು ಕೊಟ್ಟರು. ಹಳದಿ ಬಣ್ಣದ್ದು, ಮಕ್ಕಳು ಆಡುವಂಥದ್ದು. ಅವಳು ಅದನ್ನು ಮುಟ್ಟಲಿಲ್ಲ. "ಅಕ್ಕ, ಕೈ ಕೊಡಿ," ಅಂದಳು.

ಕೊಟ್ಟೆ. ಅವತ್ತಿನಿಂದ ಅವಳು ಚೆಂಡಿನ ಬದಲು ನನ್ನ ಮಣಿಕಟ್ಟನ್ನೇ ಹಿಡಿದು ಅಮುಕುತ್ತಾಳೆ. ಸಾವಿನ ಮನೆಯಲ್ಲಿ ನಾನು ಅವಳದನ್ನು ಹಿಡಿದಿದ್ದ ಜಾಗದಲ್ಲೇ. ಮೊದಮೊದಲು ಬೆರಳು ತಾಗಿದ್ದೇ ಗೊತ್ತಾಗುತ್ತಿರಲಿಲ್ಲ. ಕಿರುಬೆರಳು ಇವತ್ತಿಗೂ ಬಾಗುವುದಿಲ್ಲ, ಇನ್ನು ಬಾಗಲಿಕ್ಕಿಲ್ಲ ಅಂದಿದ್ದಾರೆ. ಇಪ್ಪತ್ತು ಸಲ ಅಮುಕಿ ಬಿಡುತ್ತಾಳೆ. ಎಣಿಸುವುದು ನಾನು. ನಮ್ಮ ನಡುವೆ ಇರುವ ಮಾತು ಅದೊಂದೇ.

ದೇವರು ದೊಡ್ಡವನು ಅಂತ ನಾನು ಅನ್ನುವುದಿಲ್ಲ. ಅವಳು ಬದುಕಿದ್ದಾಳೆ, ಅನ್ನ ಕಲಸಿಕೊಂಡು ತಿನ್ನುತ್ತಾಳೆ. ಅದಕ್ಕೆ ಯಾರಿಗೆ ಕೈ ಮುಗಿಯಬೇಕೋ ಗೊತ್ತಿಲ್ಲ, ಸುಮ್ಮನೆ ಮುಗಿಯುತ್ತೇನೆ.

ಮೊನ್ನೆ ಹದಿನೇಳನೇ ಸಲ ಅಮುಕಿದಾಗ ನನಗೆ ನೋವಾಯಿತು. ಬಳೆ ಒಡೆದು ಚರ್ಮಕ್ಕೆ ಹೊಕ್ಕಿತು. ಅವಳು ರಕ್ತ ನೋಡಿದಳು, ನನ್ನ ಮುಖ ನೋಡಿದಳು. ಬಿಡಲಿಲ್ಲ.

ನಾನು ಹದಿನೆಂಟು ಅಂದೆ.