ಕವಲಿನಲ್ಲಿ ತಿರುಗಿದ ಅಲೆ

ಮಂಡ್ಯದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಭೌತಶಾಸ್ತ್ರದ ಮೇಷ್ಟ್ರು ರಜಾ ದಿನಗಳಲ್ಲಿ ಬೆಂಗಳೂರಿನ ಲ್ಯಾಬಿಗೆ ಹೋಗಿ, ಕಾಂತದೊಳಗೆ ಓಡಾಡುವ ಸ್ಪಿನ್ ಅಲೆಗೆ ಬೈದು ಬರುತ್ತಿದ್ದರು. ಕೂದಲಿಗಿಂತ ತೆಳುವಾದ ಕವಲುದಾರಿಯಲ್ಲಿ ಅದನ್ನು ಬೇಕಾದ ಕಡೆಗೆ ತಿರುಗಿಸಬೇಕಿತ್ತು. ಅದು ಎರಡೂ ಕಡೆಗೆ ಹರಿದುಹೋಗುತ್ತಿತ್ತು. "ಯಾವ್ದಾದ್ರೂ ಒಂದ್ ಕಡೆ ಸಾಯಿ!" ಅನ್ನುವುದು ಅವರ ಮಂತ್ರ. "ಈ ಸಲ ಆಗ್ದಿದ್ರೆ ಪಿಎಚ್‌ಡಿ ಬುಟ್ಬುಡಿ" ಅಂತ ಹೆಂಡತಿ ಖಡಾಖಂಡಿತವಾಗಿ ಹೇಳಿದ್ದರು.

ಒಂದು ಸಂಜೆ ಬೆಂಗಳೂರಿಂದ ಮರಳುತ್ತಿದ್ದ ಮೇಷ್ಟ್ರು ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದವರೇ ನನ್ನ ಕೈ ಹಿಡಿದೆಳೆದು ಬಸ್ಸು ಹತ್ತಿಸಿದರು.

"ತಿರುಗ್ತು ಕಣ್ಲಾ! ಕವಲಿನ ಬಾಯಲ್ಲಿ ಸಣ್ಣ ಕಾಂತದ ಬಿಲ್ಲೆ ಕೂರಿಸ್ದೆ. ಅದರ ಕಂಪನಕ್ಕೆ ಸರಿಯಾಗಿ ಕುಣಿಯೋ ಅಲೆ ಬಲಕ್ಕೆ, ಮಿಕ್ಕಿದ್ದು ನೆಟ್ಟಗೆ!"

ಪಕ್ಕದ ಸೀಟಿನ ಅಜ್ಜಿಯ ಚೀಲದ ಮೇಲೆ ಬೆರಳಲ್ಲಿ ಕವಲು ಬರೆದು ತೋರಿಸಿದರು. ಅಜ್ಜಿ ಚೀಲ ಎಳೆದುಕೊಂಡಳು.

ಅಷ್ಟರಲ್ಲಿ ಕಂಡಕ್ಟರ್ ಬಂದ. ಎರಡು ಮಂಡ್ಯ ಅಂದೆ. "ಮಂಡ್ಯನಾ? ಇದು ಮಳವಳ್ಳಿಗೆ ಓಯ್ತದೆ ಸಾ."

ಮೇಷ್ಟ್ರು ಅವನತ್ತ ನೋಡಲೂ ಇಲ್ಲ, ಹೆಂಡತಿಗೆ ಫೋನ್ ಹಚ್ಚಿದರು. "ಅಲೆ ತಿರುಗ್ತು ಕಣೆ!"

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು. "ಬಿರ್ನೆ ಬನ್ನಿ, ಬಿಸಿ ಮುದ್ದೆ ಕಟ್ತೀನಿ."

"ಈಗ್ಲೇ ಕಟ್ಬ್ಯಾಡ, ತಣ್ಣಗಾಯ್ತದೆ," ಅಂದರು ಮೇಷ್ಟ್ರು. "ಹಂಗೇ ಮಳವಳ್ಳಿ ನೋಡ್ಕಂಡು ಬತ್ತೀನಿ."