ಆಸಕ್ತಿ ಇಲ್ಲ ಎಂದು ಬರೆದ ಮೂರು ಸಾಲು

ಯಶೋದಾಳನ್ನು ನಾನು ಮೊದಲು ಕಂಡದ್ದು ಐಮಂಗಲದ ಪ್ರೌಢಶಾಲೆಯಲ್ಲಿ, ಎಂಟನೆಯ ತರಗತಿಯ ಹಾಜರಿ ತೆಗೆಯುವಾಗ. ನಾನು ಆ ಶಾಲೆಗೆ ವರ್ಗವಾಗಿ ಬಂದು ಎರಡು ದಿನವಾಗಿತ್ತು. ದೀಪಾವಳಿ ಕಳೆದಿತ್ತು. ಕುರಿಹಟ್ಟಿಯ ಮಕ್ಕಳು ಆ ದಿನಗಳಲ್ಲಿ ಮಂದೆಯ ಹಿಂದೆ ಹೊರಟುಹೋಗುತ್ತಾರೆ, ಅವರ ಹೆಸರು ಕೂಗುವ ಶ್ರಮ ಬೇಡ ಎಂದು ಹಳೆಯ ಶಿಕ್ಷಕರು ಹೇಳಿದ್ದರು. ಹಾಗೆಯೇ ನಾಲ್ಕು ಹೆಸರುಗಳ ಮುಂದೆ ಗೈರು ಎಂದು ಗುರುತು ಹಾಕಿ ಪುಟ ಮಗುಚುತ್ತಿದ್ದೆ. ಕೊನೆಯ ಬೆಂಚಿನಿಂದ ಸಣಕಲು ಹುಡುಗಿಯೊಬ್ಬಳು ಎದ್ದು ನಿಂತಳು.

"ಸಾರ್, ನನ್ ಹೆಸರು ಕೂಗ್ಲಿಲ್ಲ ನೀವು."

"ಹಟ್ಟಿಯವರು ಮಂದೆಯ ಜೊತೆ ಹೋಗಿರುತ್ತಾರಲ್ಲಮ್ಮ."

"ಮಂದೆ ಹೋಗೈತೆ. ನಾನು ಇಲ್ಲೇ ಇದೀನಿ. ಗೈರು ಅಂತ ಬರ್ಕಂಡಿದ್ರೆ ಹೊಡೆದಾಕ್ರಿ."

ನಾನು ಕೆಂಪು ಶಾಯಿಯಿಂದ ಆ ಗುರುತನ್ನು ಹೊಡೆದು, ಪಕ್ಕದಲ್ಲಿ ಸಹಿ ಹಾಕುವವರೆಗೆ ಅವಳು ಕುಳಿತುಕೊಳ್ಳಲಿಲ್ಲ.

ಅವಳ ತಂದೆ ತಿಪ್ಪೇರುದ್ರಪ್ಪ ಪ್ರತಿವರ್ಷ ಕಾರ್ತಿಕದಲ್ಲಿ ನಂಟರಿಬ್ಬರನ್ನು ಕೂಡಿಕೊಂಡು ಕುರಿಗಳನ್ನು ಕಾಲುವೆ ನೀರಿನ ಸೀಮೆಗೆ ಹೊಡೆದುಕೊಂಡು ಹೋಗುತ್ತಿದ್ದ. ಕೊಯ್ಲಾದ ಗದ್ದೆಗಳಲ್ಲಿ ಮಂದೆ ನಿಲ್ಲಿಸಿ, ಗೊಬ್ಬರ ಕೊಟ್ಟು, ಮೇವು ಪಡೆದು, ಮುಂಗಾರಿನ ಹೊತ್ತಿಗೆ ಹಿಂತಿರುಗುವುದು ಅವರ ತಲೆತಲಾಂತರದ ಪದ್ಧತಿ. ತಾಯಿ ಸಿದ್ದಕ್ಕ ಮುದಿ ಕುರಿಗಳನ್ನು ನೋಡಿಕೊಂಡು ಹಟ್ಟಿಯಲ್ಲಿ ಉಳಿಯುತ್ತಿದ್ದಳು. ಮಗಳು ತಾಯಿಯ ಜೊತೆ ಉಳಿದು ಶಾಲೆ ಮುಗಿಸಿದಳು. ರಜೆಯಲ್ಲಿ ಮರಿಗಳನ್ನು ಗುಡ್ಡಕ್ಕೆ ಹೊಡೆದಾಗ, ಮೇಲೆ ತಿರುಗುವ ಗಾಳಿಯಂತ್ರಗಳ ಬುಡದಲ್ಲಿ ಕೂರುತ್ತಿದ್ದಳು. ಆ ಕಂಬದ ಕೆಳಗೊಂದು ಸಣ್ಣ ಕಬ್ಬಿಣದ ಬಾಗಿಲಿದೆ. ಅದರೊಳಗೆ ಏನಿದೆ ಎಂದು ನೋಡಬೇಕೆಂಬ ಹಟ ಅವಳಿಗೆ ಅಲ್ಲಿಯೇ ಹತ್ತಿದ್ದು.

ಆ ಹಟದಿಂದಲೇ ಹಿರಿಯೂರಿನಲ್ಲಿ ಐಟಿಐ ಎಲೆಕ್ಟ್ರಿಷಿಯನ್ ಓದಿದಳು. ಓದು ಮುಗಿದ ಮೇಲೆ ಲಕ್ಷ್ಮೀಕಾಂತನೆಂಬವನ ಅಂಗಡಿಯಲ್ಲಿ, ಸುಟ್ಟುಹೋದ ಬೋರ್‌ವೆಲ್ ಮೋಟರುಗಳ ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವ ಕೆಲಸಕ್ಕೆ ನಿಂತಳು. ಕೆಲಸ ಚೊಕ್ಕಟವಾಗಿತ್ತು. ಆದರೆ ಅವಳ ಕಣ್ಣು ಗುಡ್ಡದ ಮೇಲೆಯೇ ಇತ್ತು.

ಸರ್ಕಾರದ ಉದ್ಯೋಗ ಜಾಲತಾಣದಲ್ಲಿ ಹೆಸರು ಬರೆಸಿದರೆ ಕೆಲಸ ಕೊಡುವವರೇ ಹುಡುಕಿಕೊಂಡು ಕರೆಯುತ್ತಾರೆ ಎಂಬ ಸುದ್ದಿ ಬಂದದ್ದು ಎರಡು ವರ್ಷದ ಹಿಂದಿನ ಆಷಾಢದಲ್ಲಿ. ಐಮಂಗಲದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಗೋವರ್ಧನನ ಬಳಿಗೆ ಯಶೋದಾ ಅಪ್ಪನನ್ನೂ ಕರೆದುಕೊಂಡು ಹೋದಳು.

"ಆಧಾರ್‌ಗೆ ಯಾವ ನಂಬರ್ ಐತೋ ಅದನ್ನೇ ಕೇಳ್ತೈತೆ. ನಿಂದು ಅಪ್ಪನ ನಂಬರ್ರಿಗೈತೆ" ಎಂದ ಗೋವರ್ಧನ. ಅವಳು ಚಿಕ್ಕವಳಿದ್ದಾಗ ಮನೆಯಲ್ಲಿದ್ದದ್ದು ಅದೊಂದೇ ಫೋನು.

"ನಂದು ಹಾಕಕ್ಕೆ ಬರಲ್ವಾ?"

"ಬರ್ತೈತೆ. ಹಿರಿಯೂರಿಗೆ ಹೋಗಿ ಟೋಕನ್ ತಗಂಡು ತಿದ್ದಿಸ್ಬೇಕು. ಈಗ್ಯಾಕೆ, ಅಪ್ಪ ಇಲ್ಲೇ ಕುಂತವ್ನಲ್ಲ."

ಅಪ್ಪ ಅಲ್ಲಿಯೇ ಬೆಂಚಿನ ಮೇಲೆ ಕುಳಿತಿದ್ದ. ಅಕ್ಷರ ಬಾರದಿದ್ದರೂ ಅಂಕಿ ಬಲ್ಲವನು. ಫೋನಿಗೆ ಬಂದ ಗುಟ್ಟಿನ ಸಂಖ್ಯೆಯನ್ನು ಕುರಿ ಎಣಿಸುವ ರಾಗದಲ್ಲಿ ಒಂದೊಂದಾಗಿ ಹೇಳಿದ. ನೋಂದಣಿ ಮುಗಿಯಿತು. ಆಷಾಢದಲ್ಲಿ ಯಾರಿಗೂ ಕಾರ್ತಿಕದ ಯೋಚನೆ ಬರಲಿಲ್ಲ.

ಆ ಶ್ರಾವಣದಲ್ಲಿ ಹಟ್ಟಿಯ ಚಿತ್ತಮ್ಮನಿಗೆ ಯಾರೋ ಬ್ಯಾಂಕಿನವರೆಂದು ಫೋನು ಮಾಡಿ, ಖಾತೆಯಲ್ಲಿದ್ದದ್ದನ್ನೆಲ್ಲ ಬಳಿದುಕೊಂಡು ಹೋದರು. ಯಶೋದಾ ಅಪ್ಪನನ್ನು ಎದುರು ಕೂರಿಸಿಕೊಂಡು ಪಾಠ ಮಾಡಿದಳು. "ಗೊತ್ತಿಲ್ದಿರೋ ನಂಬರ್ ಬಂದ್ರೆ ಎತ್ಬ್ಯಾಡ. ಮೆಸೇಜ್ ಬಂದ್ರೆ ಅಳಿಸ್ಬಿಡು. ಯಾರೇ ಆಗ್ಲಿ."

"ಯಾರೇ ಆಗ್ಲಿ" ಎಂದು ಅಪ್ಪ ತಲೆಯಾಡಿಸಿದ. ಕಾರ್ತಿಕದಲ್ಲಿ ಕಂಬಳಿ, ಬುತ್ತಿ, ಫೋನು ಎಲ್ಲವೂ ಮಂದೆಯ ಜೊತೆ ಹೊರಟವು.

ಜಾಲತಾಣದ ಕಡೆಯಿಂದ ಏನೂ ಸುದ್ದಿಯಿಲ್ಲ. ಒಳಹೊಕ್ಕು ನೋಡೋಣವೆಂದರೆ ಅದಕ್ಕೂ ಅಪ್ಪನ ಫೋನಿಗೇ ಸಂಖ್ಯೆ ಬರಬೇಕು. ಅವನು ಗದ್ದೆ ಬಯಲಿನಲ್ಲಿ ಸಿಗ್ನಲ್ ಹುಡುಕಿ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತಿತ್ತು. ಏನಾದರೂ ಇದ್ದರೆ ಅವರೇ ಫೋನು ಮಾಡುತ್ತಾರೆ ಎಂದು ಗೋವರ್ಧನ ಸಮಾಧಾನ ಹೇಳುತ್ತಿದ್ದ. ಚಿಕ್ಕಮ್ಮ ಕೊಟ್ರಮ್ಮ ಮಾತ್ರ ಕಂಡಾಗಲೆಲ್ಲ ಚುಚ್ಚುತ್ತಿದ್ದಳು. "ಏನವ್ವ, ನಿನ್ ಸರ್ಕಾರ್ದೋರು ಇನ್ನೂ ಹಟ್ಟಿ ದಾರಿ ಕೇಳ್ಕಂಡು ಬರ್ತಾನೇ ಅವ್ರೇನೋ."

ಜೂನಿನಲ್ಲಿ ಮಂದೆ ಹಿಂತಿರುಗಿತು. ಮರುದಿನವೇ ಯಶೋದಾ ಗೋವರ್ಧನನ ಅಂಗಡಿಯಲ್ಲಿದ್ದಳು. ಪರದೆಯ ಮೇಲೆ ಮೂರು ಸಾಲುಗಳಿದ್ದವು. ಡಿಸೆಂಬರಿನಲ್ಲಿ ಚಿತ್ರದುರ್ಗದ ಒಂದು ಗಿರಣಿ ಕರೆದಿತ್ತು. ಫೆಬ್ರವರಿಯಲ್ಲಿ ಹೊಳಲ್ಕೆರೆಯ ಪಂಪ್‌ಸೆಟ್ ರಿಪೇರಿಯವರು ಕರೆದಿದ್ದರು. ಏಪ್ರಿಲಿನಲ್ಲಿ ಕರೆದವರು ಹೊಸದುರ್ಗ ತಾಲ್ಲೂಕಿನ ಗಾಳಿಯಂತ್ರಗಳ ಕೇಂದ್ರದವರು, ಹಾಲುರಾಮೇಶ್ವರದ ದಾರಿಯಲ್ಲಿ ಗುಡ್ಡದ ಮೇಲೆ ಇರುವವರು. ಮೂರರ ಮುಂದೆಯೂ ಒಂದೇ ಮಾತು: ಅಭ್ಯರ್ಥಿಗೆ ಉದ್ಯೋಗದಲ್ಲಿ ಆಸಕ್ತಿ ಇಲ್ಲ. ಅದರ ಕೆಳಗೆ, ಮೂರು ಬಾರಿ ನಿರಾಕರಿಸಿದ್ದರಿಂದ ಹೆಸರನ್ನು ಒಂದು ವರ್ಷ ತಡೆಹಿಡಿಯಲಾಗಿದೆ ಎಂದಿತ್ತು.

"ಯಾರು ನಿರಾಕರಿಸಿದ್ದು?" ಎಂದು ಅವಳು ಗೋವರ್ಧನನನ್ನು ಕೇಳಿದಳು. ಅವನು ಪುಟವನ್ನು ಕೆಳಕ್ಕೆ ಸರಿಸಿದ. ಅಲ್ಲಿದ್ದ ಹೊಸ ಪ್ರಕಟಣೆಗೆ ಬೆರಳು ತೋರಿಸಿದ. ಗಾಳಿಯಂತ್ರದವರಿಗೆ ಇನ್ನೊಬ್ಬರು ಬೇಕಾಗಿದ್ದರು. ಅರ್ಜಿಗೆ ಜೂನ್ ಮೂವತ್ತು ಕಡೆಯ ದಿನ. ತಡೆ ಇರುವ ಹೆಸರಿನಿಂದ ಅರ್ಜಿ ಹೋಗುವುದಿಲ್ಲ. ಅಂದು ಹದಿನೆಂಟನೆಯ ತಾರೀಖು.

ಅವಳು ಮನೆಗೆ ಹೋದದ್ದು ಕೆಂಡದ ಮೇಲೆ ನಡೆದಂತೆ. ಅಪ್ಪ ಜಗಲಿಯ ಮೇಲೆ ಕುಳಿತು ಕುರಿಯ ಗೊರಸಿಗೆ ಮದ್ದು ಹಚ್ಚುತ್ತಿದ್ದ.

"ಫೋನ್ ಬಂದಿತ್ತಾ, ಮಂದೆ ತಾವ?"

"ಬಂದಿತ್ತು ಕಣವ್ವ. ಮೂರ್ನಾಕು ಸಲ ಬಂತು. ಒಂದಿನ ಬಿಡ್ದಂಗೆ ಹೊಡ್ಕಂತು."

"ಮತ್ಯಾಕೆ ಎತ್ಲಿಲ್ಲ?"

ತಿಪ್ಪೇರುದ್ರಪ್ಪ ಕುರಿಯ ಕಾಲು ಬಿಟ್ಟು ಮಗಳ ಮುಖ ನೋಡಿದ. "ನೀನೇ ಹೇಳಿದ್ಯಲ್ಲವ್ವ, ಯಾರೇ ಆಗ್ಲಿ ಅಂತ."

ಅಪ್ಪನ ಮೇಲೆ ಬಂದ ಸಿಟ್ಟು ಅಲ್ಲಿಗೇ ನಿಂತಿತು. ನಿಂತ ಸಿಟ್ಟು ಆರಲಿಲ್ಲ, ದಿಕ್ಕು ಬದಲಿಸಿತು. ಫೋನು ಎತ್ತದಿದ್ದರೆ ಎತ್ತಲಿಲ್ಲ ಎಂದು ಬರೆಯಬೇಕು. ಅವಳ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಅವಳನ್ನು ಕೇಳದೆ ಬರೆಯಲು ಇವರು ಯಾರು?

ಮರುದಿನ ತಂದೆ ಮಗಳಿಬ್ಬರೂ ಚಿತ್ರದುರ್ಗದ ಬಸ್ಸು ಹತ್ತಿದರು. ಜಾಲತಾಣದ ನೆರವು ಕೇಂದ್ರದಲ್ಲಿ ಕನಕರಾಜ್ ಎಂಬ ಅಧಿಕಾರಿ ಇದ್ದರು. ಕೆಟ್ಟ ಮನುಷ್ಯರಲ್ಲ. ಕುರ್ಚಿ ತೋರಿಸಿ, "ಕುಂತ್ಕಳ್ರಿ" ಎಂದರು.

"ನನಗೆ ಆಸಕ್ತಿ ಇಲ್ಲ ಅಂತ ಬರ್ದಿದೀರ. ನಾನು ಯಾವತ್ತು ಹೇಳ್ದೆ?" ಯಶೋದಾ ನಿಂತೇ ಕೇಳಿದಳು.

"ಫೋನ್ ಎತ್ತಿಲ್ಲ ಅಂದ್ರೆ ಹಂಗೇ ತಾನೇ ಅರ್ಥ?"

"ನೀವು ಬಾಗ್ಲು ಬಡಿದಾಗ ನಾನು ಮನೇಲಿರ್ಲಿಲ್ಲ ಅಂದ್ರೆ, ಕೆಲಸ ಬ್ಯಾಡ ಅಂದಂಗಾ?"

"ನೋಡಮ್ಮ, ಫೋನ್ ಮಾಡ್ದೋರ ಮುಂದೆ ಮೂರೇ ಮಾತು ಬರ್ತವೆ. ಸೇರಿದ್ದಾರೆ, ಬೇರೆ ಕಡೆ ಸೇರಿದ್ದಾರೆ, ಆಸಕ್ತಿ ಇಲ್ಲ. ಮೂರ್ರಲ್ಲಿ ಒಂದು ಒತ್ಲೇಬೇಕು. ಎತ್ಲಿಲ್ಲ ಅನ್ನೋದಕ್ಕೆ ಜಾಗಾನೇ ಇಲ್ಲ."

"ಜಾಗ ಇಲ್ಲಾಂತ ಸುಳ್ಳು ಒತ್ತೋದಾ?"

ಕನಕರಾಜ್ ಚಹಾದ ಲೋಟ ಕೆಳಗಿಟ್ಟರು. "ಆ ಸಾಲು ಅಳಿಸೋದು ನನ್ ಕೈಲಿಲ್ಲ. ತಡೆ ತೆಗೆಯೋದು ಕೈಲೈತೆ. ಒಂದು ಅರ್ಜಿ ಬರ್ಕೊಡು, ಸಂಜೆಗೆ ತೆಗೆದ್ಬಿಡ್ತೀನಿ." ಅವರೇ ಅಚ್ಚು ಹಾಕಿದ ಹಾಳೆಯೊಂದನ್ನು ಮುಂದೆ ತಳ್ಳಿದರು. ಹಿಂದೆ ನನಗೆ ಉದ್ಯೋಗದಲ್ಲಿ ಆಸಕ್ತಿ ಇರಲಿಲ್ಲ, ಈಗ ಇದೆ, ತಪ್ಪನ್ನು ಮನ್ನಿಸಬೇಕಾಗಿ ಕೋರುತ್ತೇನೆ ಎಂದು ಅದರಲ್ಲಿತ್ತು. ಕೆಳಗೆ ಸಹಿಗೆ ಗೆರೆ.

ಅವಳು ಎರಡು ಸಲ ಓದಿದಳು. ಅಪ್ಪನಿಗೂ ಓದಿ ಹೇಳಿದಳು. ಅಲ್ಲಿಯವರೆಗೆ ಬಾಗಿಲ ಬಳಿಯೇ ಚಪ್ಪಲಿ ಬಿಟ್ಟು ನಿಂತಿದ್ದ ತಿಪ್ಪೇರುದ್ರಪ್ಪ ಮೇಜಿನ ಹತ್ತಿರ ಬಂದ.

"ಸ್ವಾಮಿ, ಫೋನ್ ಎತ್ದೆ ಇದ್ದೋನು ನಾನು. ಆಸಕ್ತಿ ಇಲ್ದೋನು ತಿಪ್ಪೇರುದ್ರಪ್ಪ ಅಂತ ನನ್ ಹೆಸ್ರು ಬರ್ಕಳ್ರಿ. ನನ್ ಮಗಳ ಹೆಸ್ರು ಬಿಟ್ಬಿಡ್ರಿ."

"ನಿಮ್ ಹೆಸರಲ್ಲಿ ನೋಂದಣಿ ಇಲ್ವಲ್ಲ ಯಜಮಾನ್ರೆ" ಎಂದರು ಕನಕರಾಜ್.

ಯಶೋದಾ ಆ ಹಾಳೆಯನ್ನು ಬೋರಲು ಹಾಕಿ, ಹಿಂಬದಿಯಲ್ಲಿ ತನ್ನದೇ ಅರ್ಜಿ ಬರೆದಳು. ನನಗೆ ಅಂದೂ ಆಸಕ್ತಿ ಇತ್ತು, ಇಂದೂ ಇದೆ. ಇಲ್ಲ ಎಂದು ಬರೆದವರು ನನ್ನನ್ನು ಕೇಳಲಿಲ್ಲ. ಆ ಮೂರು ಸಾಲುಗಳನ್ನು ಹೊಡೆದುಹಾಕಿ, ಹೊಡೆದುಹಾಕಿದವರು ಸಹಿ ಮಾಡಬೇಕು.

"ಇದನ್ನ ತಗಂಡ್ರೆ ತಪ್ಪು ನಮ್ದೇ ಅಂತಾಗ್ತೈತೆ."

"ಹೌದು ಸಾರ್."

ಅರ್ಜಿ ತಲುಪಿದೆ ಎಂಬ ಮೊಹರು ಹಾಕಿಸಿಕೊಂಡೇ ಅವಳು ಅಲ್ಲಿಂದ ಹೊರಟಳು. ತಡೆ ಹಾಗೆಯೇ ಉಳಿಯಿತು.

ಹಟ್ಟಿಯಲ್ಲಿ ಯಾರೂ ಅವಳ ಪರ ಮಾತಾಡಲಿಲ್ಲ. "ಒಂದು ಸೈ ಹಾಕಿದ್ರೆ ಕೈ ಸವೀತಿತ್ತಾ ನಿಂದು?" ಎಂದಳು ಕೊಟ್ರಮ್ಮ. ಸಿದ್ದಕ್ಕ ಎರಡು ದಿನ ಮಗಳ ಜೊತೆ ಮಾತು ಬಿಟ್ಟಳು. ಒಂದೇ ಮೋಟರಿನ ಮುಂದೆ ಗಂಟೆಗಟ್ಟಲೆ ತಾಳ್ಮೆಯಿಂದ ಕುಳಿತುಕೊಳ್ಳುವ ಲಕ್ಷ್ಮೀಕಾಂತನೂ, ತಲೆ ಗೋಡೆಗೆ ಚಚ್ಚಿದರೆ ಒಡೆಯುವುದು ತಲೆಯೇ ಎಂದ. ಅವರೆಲ್ಲ ಸೇರಿ ಅವಳನ್ನು ನನ್ನ ಹತ್ತಿರ ಕಳುಹಿಸಿದರು. ನಾನೂ ಅದನ್ನೇ ಹೇಳಿದೆ. ಒಂದು ಸಹಿ ತಾನೇ, ಹಾಕಿಬಿಡಮ್ಮ, ನಿನಗೆ ಬೇಕಾದ ಕೆಲಸವಲ್ಲವೇ ಎಂದೆ.

"ಸಾರ್, ಅವತ್ತು ಗೈರು ಅಂತ ಹಾಕಿದ್ನ ನೀವೇ ಹೊಡೆದು ಸೈ ಮಾಡಿದ್ರಿ. ನಾನು ಬಂದಿರ್ಲಿಲ್ಲ, ಮನ್ನಿಸ್ರಿ ಅಂತ ನನ್ ಕೈಲಿ ಬರೆಸ್ಕಂಡ್ರಾ?"

ಅವಳು ಕಾಫಿ ಕುಡಿಯದೆ ಎದ್ದುಹೋದಳು.

ಇಪ್ಪತ್ತೊಂಬತ್ತನೆಯ ತಾರೀಖು ಅವಳೊಬ್ಬಳೇ ಹಿರಿಯೂರಿಗೆ ಹೋಗಿ ಹೊಸದುರ್ಗದ ಬಸ್ಸು ಹಿಡಿದಳು. ಇಳಿದು ಗುಡ್ಡದ ದಾರಿಯನ್ನು ನಡೆದೇ ಹತ್ತಿದಳು. ಗಾಳಿಯಂತ್ರ ಕೇಂದ್ರದ ಎಂಜಿನಿಯರ್ ವಯಸ್ಸಾದವರು. ಅವಳ ಮಾತನ್ನೆಲ್ಲ ಕೇಳಿ, ಮೂಲೆಯಲ್ಲಿ ಸುಟ್ಟು ಬಿದ್ದಿದ್ದ ಮೋಟರೊಂದನ್ನು ತೋರಿಸಿ, ಬಿಚ್ಚು ನೋಡೋಣ ಎಂದರು. ಅವಳು ಬಿಚ್ಚಿ, ತಂತಿ ಎಲ್ಲಿ ಸುಟ್ಟಿದೆ, ಏಕೆ ಸುಟ್ಟಿದೆ ಎಂದು ಅರ್ಧ ಗಂಟೆಯಲ್ಲಿ ಹೇಳಿದಳು. ಅವರು ತಾವೇ ಕರೆದೊಯ್ದು ಕಂಬದ ಬುಡದ ಅಂಥದೇ ಸಣ್ಣ ಕಬ್ಬಿಣದ ಬಾಗಿಲನ್ನು ತೆರೆದು ಒಳಗೆಲ್ಲ ತೋರಿಸಿದರು. ಮೇಲಕ್ಕೆ ಹೋಗುವ ಏಣಿ ಕತ್ತಲೊಳಗೆ ಏರಿಹೋಗಿತ್ತು. ಅವಳು ಅದರ ಮೊದಲ ಮೆಟ್ಟಿಲನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು.

"ನಿನ್ನಂಥೋರೇ ಬೇಕಮ್ಮ ನಮಗೆ" ಎಂದರು ಎಂಜಿನಿಯರ್. "ಆದ್ರೆ ಆ ಪಟ್ಟೀಲಿ ಹೆಸರಿಲ್ದೆ ನಾನು ಗೇಟ್ ಪಾಸ್ ಕೊಡೋ ಹಂಗಿಲ್ಲ. ಅವರು ಕೇಳಿದ್ ಹಂಗೆ ಬರ್ಕೊಟ್ಬಿಡು. ಇನ್ನೂ ಒಂದಿನ ಐತೆ."

ಇನ್ನೂ ಒಂದು ದಿನವಿತ್ತು. ಅವಳು ಬರೆದುಕೊಡಲಿಲ್ಲ. ಆ ಕೆಲಸ ಹೊಳಲ್ಕೆರೆಯ ಕಡೆಯ ಒಬ್ಬ ಹುಡುಗನಿಗೆ ಸಿಕ್ಕಿತು.

ಹೀಗೆ ಹಟ ಹಿಡಿದವರನ್ನು ಜನ ಮೂರ್ಖರೆನ್ನುತ್ತಾರೆ. ನಾನೂ ಕೆಲವು ದಿನ ಹಾಗೆಯೇ ಅಂದುಕೊಂಡಿದ್ದೆ. ಈಗ ನೆನೆದರೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ತಪ್ಪು ಬರೆದವರು ಅದನ್ನು ತಿದ್ದುವ ಬದಲು, ತಪ್ಪಿಗೆ ಒಳಗಾದವಳ ಕೈಯಿಂದಲೇ ಕ್ಷಮೆ ಬರೆಸಿಕೊಳ್ಳುವ ಹಾಳೆಯನ್ನು ಮೊದಲೇ ಅಚ್ಚು ಹಾಕಿಸಿ ಇಟ್ಟಿದ್ದರು. ಎಷ್ಟು ಜನರು ಅದಕ್ಕೆ ಸಹಿ ಹಾಕಿರಬೇಕು?

ಕಳೆದ ಏಪ್ರಿಲಿಗೆ ವರ್ಷದ ತಡೆ ತಾನಾಗಿಯೇ ಮುಗಿಯಿತು. ಅವಳು ಆಧಾರ್‌ನಲ್ಲಿ ತನ್ನ ನಂಬರನ್ನೇ ಸೇರಿಸಿಕೊಂಡಿದ್ದಾಳೆ. ಅವಳ ಅರ್ಜಿಗಳಿಗೋ ಬೇರೆ ಯಾರ ಅರ್ಜಿಗೋ ಕಾಣೆ, ಜಾಲತಾಣದಲ್ಲಿ ಈಗ ಸಂಪರ್ಕಕ್ಕೆ ಸಿಗಲಿಲ್ಲ ಎಂಬ ನಾಲ್ಕನೆಯ ಮಾತು ಬಂದಿದೆ. ಹಳೆಯ ದಾಖಲೆಗಳಿಗೆ ಅದು ಅನ್ವಯಿಸುವುದಿಲ್ಲವಂತೆ. ಅವಳ ಹೆಸರು ತೆರೆದ ಮಾಲೀಕರಿಗೆ ಇಂದಿಗೂ ಮೊದಲು ಕಾಣುವುದು ಆ ಮೂರು ಸಾಲುಗಳೇ. ಆಮೇಲೆ ಒಂದು ಕರೆಯೂ ಬಂದಿಲ್ಲ.

ತಿಪ್ಪೇರುದ್ರಪ್ಪ ಮಾತ್ರ ಮಂದೆಯ ಜೊತೆ ಹೋದಾಗ ಈಗ ಬಂದ ಕರೆಯನ್ನೆಲ್ಲ ಎತ್ತುತ್ತಾನೆ. ಸಾಲ ಬೇಕೇ ಎನ್ನುವವರಿಗೂ, ಸೈಟು ಬೇಕೇ ಎನ್ನುವವರಿಗೂ ಅವನದು ಒಂದೇ ಉತ್ತರ. "ನನ್ ಮಗಳಿಗೆ ಆಸಕ್ತಿ ಐತೆ, ಬರ್ಕಳ್ರಿ."

ಯಶೋದಾ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹಿರಿಯೂರಿಗೆ ಹೋಗಿ ಲಕ್ಷ್ಮೀಕಾಂತನ ಅಂಗಡಿಯಲ್ಲಿ ಮೋಟರು ಸುತ್ತುತ್ತಾಳೆ. ತಿಂಗಳ ಮೊದಲ ಸೋಮವಾರ ಮಾತ್ರ ಕೆಲಸಕ್ಕೆ ರಜೆ. ಅಂದು ಚಿತ್ರದುರ್ಗಕ್ಕೆ ಹೋಗಿ ಅದೇ ಮೇಜಿನ ಮುಂದೆ ನಿಂತು ಅದೇ ಅರ್ಜಿಯನ್ನು ಹೊಸ ತಾರೀಖು ಹಾಕಿ ಕೊಡುತ್ತಾಳೆ. ಕನಕರಾಜ್ ಈಗಲೂ ಕುರ್ಚಿ ತೋರಿಸುತ್ತಾರೆ. ಅವಳು ಈಗಲೂ ಕುಳಿತುಕೊಳ್ಳುವುದಿಲ್ಲ. ಕಳೆದ ಸೋಮವಾರ ಕೊಟ್ಟದ್ದು ಹದಿನೈದನೆಯ ಅರ್ಜಿ.