ಅತ್ತಿಯ ‘ಬಾಹರ್’ ವಸಡು

ನಮ್ಮ ಅತ್ತಿ ಗುರುಬಾಯಿ ಸಣ್ಣಾಕಿದ್ದಾಗಿಂದ ಮಿಶ್ರಿ ತಿಕ್ಕಿದಾಕಿ. ಆ ಸುಟ್ಟ ತಂಬಾಕಿನ ಪುಡಿ ಬಿಡ್ರೀ ಅಂದ್ರ, “ನೀ ಚಹಾ ಬಿಡ್ತೀಯೇನು?” ಅಂತ ನನ್ನ ಬಾಯಿ ಮುಚ್ಚಿಸ್ತಿದ್ಲು. ಮಾವ ಕಲಬುರ್ಗಿಯಿಂದ ತೆಲುಗು ಸೀಮಿ ನಾಚಾರಂದ ಫ್ಯಾಕ್ಟರಿಗೆ ಬಂದಾಗ ಮಿಶ್ರಿ ಡಬ್ಬಿನೂ ಈಕಿ ಜೋಡಿ ಬಂತು. ಕಡೀಕ ಕೆಳಗಿನ ಹಲ್ಲಿನ ವಸಡು ಇಳದು ಬೇರು ಕಾಣಾಕತ್ತಿದ್ವು. ತಣ್ಣೀರು ತಾಗಿದ್ರ ಕಣ್ಣಾಗ ನೀರು ಬರ್ತಿತ್ತು.

ಹಲ್ಲಿನ ಡಾಕ್ಟರು ಹಿಂದಿ ಭಾಷಾದಾಗ ಎರಡು ದಾರಿ ಹೇಳಿದ್ರು. ಬಾಯಿ ಮ್ಯಾಲಿನ ಅಂಗಳದಿಂದ ಆಕೀದೇ ಚರ್ಮ ಕೊಯ್ದು ಹಚ್ಚಿದ್ರ ವಸಡು ದಪ್ಪ ಬರ್ತೈತಿ, ಭಾಳ ವರ್ಷ ನಿಲ್ತೈತಿ. ಆದ್ರ ಗಾಯ ಎರಡು, ಅತ್ತಿಯಂಗ ಸಕ್ಕರಿ ಬ್ಯಾನಿ ಇದ್ದವರಿಗೆ ಲಗೂ ಮಾಯಂಗಿಲ್ಲ. ಇಲ್ಲಾಂದ್ರ “ಬಾಹರ್ ಕಾ”, ಅಂದ್ರ ಹೊರಗಿಂದು, ಹಚ್ಚೂದು, ಗಾಯ ಒಂದೇ.

ನಮ್ಮ ಓಣ್ಯಾಗ ಬಾಹರ್ ಅಂದ್ರ ದುಬೈ, ಸೌದಿ. ಅತ್ತಿ ಹಂಗೇ ತಿಳಕೊಂಡ್ಲು. “ಫಾರಿನ್ ಮಾಲೇನೋ?” ಅಂತ ಮಗನ್ನ ಕೇಳಿದ್ಲು. ನನ್ನ ಗಂಡ ಸೂರ್ಯಕಾಂತ ಹೂಂ ಅಂದ.

“ಏನರೆ ಹಚ್ಚಲಿ. ಲಿಂಗದ ನೀರು ತಗೊಳ್ಳೋ ಬಾಯಿ, ಮೈಲಿಗಿ ಆಗಬಾರದು” ಅಂದ್ಲು. ಆಕಿ ಕೇಳಿದ್ದು ಅದೊಂದೇ.

ವಸಡು ಚಂದ ಕೂಡ್ತು. ಬಾಜೂ ಮನಿ ವಾಸಂತಿಗೆ ತುಟಿ ಎಳದು ಫಾರಿನ್ ವಸಡು ತೋರಿಸಿದ್ದೇ ತೋರಿಸಿದ್ದು. ಕೆಲವು ತಿಂಗಳಿಗೆ ತಪಾಸಣಿಗೆ ಹ್ವಾದಾಗ ಡಾಕ್ಟರು ಖುಷೀಲೆ, ದನದ ಚರ್ಮದಿಂದ ಮಾಡಿದ್ದು ಅಂತ ಯಾರೂ ಗುರ್ತು ಹಿಡಿಯಂಗಿಲ್ಲ ಅಂದ್ರು.

ಅತ್ತಿ ಎದ್ದು ಕುಂತ್ಲು. “ಅದನ್ನ ತಗೀರಿ.”

“ಹೆಂಗ ತಗೀಲಿ ಅಮ್ಮಾ? ಅದು ಕರಗಿ ನಿಮ್ಮ ಮಾಂಸಾನೇ ಆಗೈತಿ. ನಿಮ್ಮ ಮಗಗ ಎಲ್ಲಾ ಹೇಳಿದ್ದೆ.”

ನನಗ ಮೈಯೆಲ್ಲಾ ಉರೀತು. ಅವ್ವನ ಮುಂದ ಮುಚ್ಚಿಡಾಕ ನನ್ನ ಗಂಡ ಯಾರು? ಮನಿಗೆ ಬಂದು ಅತ್ತಿ ಮಗನ್ನ ಕೇಳಿದ್ಲು, “ನಿನಗ ಗೊತ್ತಿತ್ತೇನೋ?”

“ನಿನಗ ನೋವಾಗಬಾರದಂತ, ಅವ್ವಾ” ಅಂದ.

ಆಕಿ ಬೈದಿದ್ರ ಛಲೋ ಇತ್ತು. ಅವತ್ತಿಂದ ಪೂಜಿ ಮಾಡ್ತಾಳ, ಲಿಂಗದ ನೀರು ಮಾತ್ರ ಬಾಯಿಗೆ ಹಾಕ್ಕೊಳ್ಳಂಗಿಲ್ಲ. ಮರುದಿನ ಮುಂಜಾನೆ ತಾಟು ಹಚ್ಚಿ, ಹೊಟ್ಟ್ಯಾಗಿಂದ ಹುಟ್ಟಿದ ಮಗನ ಮುಂದ ನಿಂತು ಅಂದ್ಲು, “ಸೂರ್ಯಕಾಂತರೀ, ಊಟಕ್ಕ ಏಳ್ರಿ.” ಇವತ್ತಿಗೂ ಹಂಗೇ ಕರೀತಾಳ.